ಕೊಹಿಮಾ ನೋಡಲು ಹೊರಟಿದ್ದೀರಾ? ದಿಮಾಪುರದ ರಸ್ತೆಯಿಂದಲೇ ಶುರು ಮಾಡಿ

ನಾಗಾಲ್ಯಾಂಡಿನ ರಾಜಧಾನಿ ಕೊಹಿಮಾಗೆ ಹೋಗುವ ನಮ್ಮ ಕಡೆಯವರು ಹೆಚ್ಚಾಗಿ ಡಿಸೆಂಬರ್‌ನ ಹಾರ್ನ್‌ಬಿಲ್ ಹಬ್ಬಕ್ಕೆ ಹೋಗುತ್ತಾರೆ. ಯುದ್ಧ ಸ್ಮಶಾನಕ್ಕೆ ಅರ್ಧ ಗಂಟೆ ಕೊಟ್ಟು, ಫೋಟೊ ತೆಗೆದು, ಹಬ್ಬದ ಕಡೆ ಹೊರಟುಬಿಡುತ್ತಾರೆ. ಹಾಗೆ ಮಾಡಬೇಡಿ. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಜಪಾನಿ ಸೈನ್ಯ ಭಾರತದೊಳಗೆ ಬಂದು ನಿಂತದ್ದು ಇದೇ ಬೆಟ್ಟದ ಸಾಲಿನಲ್ಲಿ. ಬರ್ಮಾ ಕಡೆಯ ಅವರ ಯುದ್ಧ ಹಿಮ್ಮುಖವಾದದ್ದೂ ಇಲ್ಲಿ ಮತ್ತು ಮಣಿಪುರದ ಇಂಫಾಲದಲ್ಲಿ. 2013ರಲ್ಲಿ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂ ಮತ ಹಾಕಿಸಿದಾಗ, ಬ್ರಿಟನ್ ಹೋರಾಡಿದ ಅತಿ ದೊಡ್ಡ ಕದನ ಅಂತ ಆಯ್ಕೆಯಾದದ್ದು ಇಂಫಾಲ-ಕೊಹಿಮಾ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಅದಕ್ಕೆ ಸಿಕ್ಕ ಜಾಗ ತುಂಬಾ ಕಡಿಮೆ.

ಇದು ಒಂದು ರಸ್ತೆಗಾಗಿ, ಆ ರಸ್ತೆಯಲ್ಲಿ ಸಾಗುವ ಅಕ್ಕಿ ಮತ್ತು ಗುಂಡುಗಳಿಗಾಗಿ ನಡೆದ ಯುದ್ಧ. ನೀವು ಪ್ರಯಾಣವನ್ನೂ ರಸ್ತೆಯನ್ನು ಹಿಡಿದೇ ಯೋಜಿಸಿದರೆ ಎಲ್ಲ ತಾನಾಗಿ ಅರ್ಥವಾಗುತ್ತದೆ.

ಮೊದಲು ಪರವಾನಗಿಯ ವಿಷಯ. ನಾಗಾಲ್ಯಾಂಡ್‌ಗೆ ಹೋಗಲು ಭಾರತೀಯರಿಗೂ ಇನ್ನರ್ ಲೈನ್ ಪರ್ಮಿಟ್ ಬೇಕು. ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ದಿಮಾಪುರಕ್ಕೆ ಮೊದಲೆಲ್ಲ ಇದು ಬೇಕಿರಲಿಲ್ಲ, ಈಗ ಅಲ್ಲಿಗೂ ಬೇಕು. ಹಾಗಾಗಿ ಊರು ಬಿಡುವ ಮೊದಲೇ ಮಾಡಿಸಿ, ಎರಡು ಪ್ರತಿ ಮುದ್ರಿಸಿ ಇಟ್ಟುಕೊಳ್ಳಿ. ದಾರಿಯಲ್ಲಿ ತಪಾಸಣೆಗೆ ನಿಲ್ಲಿಸಿದಾಗ ಮೊಬೈಲ್ ಸಿಗ್ನಲ್ ನಂಬುವುದಕ್ಕಿಂತ ಕಾಗದ ವಾಸಿ.

ಕೊಹಿಮಾದಲ್ಲಿ ವಿಮಾನ ನಿಲ್ದಾಣ ಇಲ್ಲ, ಊರಿನವರೆಗೆ ರೈಲೂ ಇಲ್ಲ. ಬೆಂಗಳೂರಿನಿಂದ ಕೊಲ್ಕತ್ತಾ ಅಥವಾ ಗುವಾಹಟಿ ಮೂಲಕ ದಿಮಾಪುರ ತಲುಪಬೇಕು. ಸಮಯ ಇದ್ದವರು ಗುವಾಹಟಿಯಿಂದ ದಿಮಾಪುರಕ್ಕೆ ರೈಲು ಹಿಡಿಯಿರಿ. ಆ ರೈಲು ಮಾರ್ಗವೇ 1944ರಲ್ಲಿ ಇಡೀ ಈಶಾನ್ಯ ಗಡಿಯ ಜೀವನಾಡಿ. ದಿಮಾಪುರದಲ್ಲಿ ಆಗ ಮಿತ್ರಪಡೆಯ, ಅಂದರೆ ಬ್ರಿಟನ್ ಮತ್ತು ಅದರ ಜೊತೆಗಾರರ, ಉಗ್ರಾಣ ಸುಮಾರು 18 ಕಿ.ಮೀ. ಉದ್ದಕ್ಕೆ ಹರಡಿತ್ತು. ಆಹಾರ, ಮದ್ದುಗುಂಡು, ಪೆಟ್ರೋಲು, ಔಷಧಿ ಎಲ್ಲ ಅಲ್ಲೇ. ಅಲ್ಲಿಂದ ಒಂದೇ ರಸ್ತೆ ಕೊಹಿಮಾ ಹತ್ತಿ, ಇಂಫಾಲಕ್ಕೆ ಇಳಿಯುತ್ತಿತ್ತು. ಕೊಹಿಮಾ ಕೈತಪ್ಪಿದರೆ ಇಂಫಾಲಕ್ಕೆ ರಸ್ತೆಯಲ್ಲಿ ಏನೂ ಹೋಗುವಂತಿಲ್ಲ, ದಿಮಾಪುರಕ್ಕೂ ಕಾವಲಿಲ್ಲ. ಜಪಾನಿನ 15ನೇ ಸೈನ್ಯದ ಜನರಲ್ ಮುತಾಗುಚಿಗೆ ಇದು ಚೆನ್ನಾಗಿ ಗೊತ್ತಿತ್ತು.

ದಿಮಾಪುರದಿಂದ ಕೊಹಿಮಾ ಸುಮಾರು 74 ಕಿ.ಮೀ. ಶೇರ್ ಟ್ಯಾಕ್ಸಿಯಲ್ಲಿ, ಅಂದರೆ ಸುಮೋದಲ್ಲಿ, ಎರಡೂವರೆ ಮೂರು ಗಂಟೆ. ಮಳೆಗಾಲದಲ್ಲಿ ಗುಡ್ಡ ಕುಸಿತ ಸಾಮಾನ್ಯ. ಚುಮೌಕೆದಿಮಾ ದಾಟಿದ ಮೇಲೆ ಬರುವ ಪಾಗಲಾ ಪಹಾಡ್ ಹತ್ತಿರ ಬಂಡೆ ಉರುಳಿ ಪ್ರಾಣಗಳೂ ಹೋಗಿವೆ. ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟು, ಅಕ್ಟೋಬರ್‌ನಿಂದ ಏಪ್ರಿಲ್ ಒಳಗೆ ಹೋಗುವುದು ಒಳ್ಳೆಯದು. ಬೆಳಗ್ಗೆಯೇ ಹೊರಡಿ, ಕಿಟಕಿ ಪಕ್ಕ ಕುಳಿತುಕೊಳ್ಳಿ. ಒಂದು ಕಡೆ ಗೋಡೆಯಂಥ ಗುಡ್ಡ, ಇನ್ನೊಂದು ಕಡೆ ಕಣಿವೆ. ಬಳಸಿ ಹೋಗಲು ಬೇರೆ ದಾರಿಯೇ ಕಾಣುವುದಿಲ್ಲ. ಪುಸ್ತಕದಲ್ಲಿ ಎಷ್ಟು ಓದಿದರೂ ಸಿಗದ ತಿಳಿವಳಿಕೆ ಆ ತಿರುವುಗಳಲ್ಲಿ ಸಿಗುತ್ತದೆ.

ಕೊಹಿಮಾ ತಲುಪಿದ ಕೂಡಲೇ ಸ್ಮಶಾನಕ್ಕೆ ಓಡಬೇಡಿ. ಸ್ಥಳೀಯ ಟ್ಯಾಕ್ಸಿ ಮಾಡಿಕೊಂಡು ಮೊದಲು ಜೋತ್ಸೊಮಾ ಹಳ್ಳಿಯ ಕಡೆ ಹೋಗಿ. ಖೊನೊಮಾ ಹಳ್ಳಿಗೆ ಹೋಗುವ ದಾರಿಯಲ್ಲೇ ಇದೆ. ಅಲ್ಲಿಂದ ಕೊಹಿಮಾದ ದಿಣ್ಣೆಯನ್ನು ದೂರದಿಂದ ನೋಡಿ. 161ನೇ ಭಾರತೀಯ ಬ್ರಿಗೇಡಿನ ಫಿರಂಗಿಗಳು ಇದ್ದದ್ದು ಅಲ್ಲಿ. ಪಂಜಾಬಿ, ರಜಪೂತ ತುಕಡಿಗಳೂ ಅಲ್ಲೇ ಇದ್ದವು. ಅವರನ್ನೂ ಜಪಾನಿಗಳು ಸುತ್ತುವರಿದಿದ್ದರು. ಆದರೂ ಅಲ್ಲಿಂದಲೇ, ಕೊಹಿಮಾದೊಳಗೆ ಸಿಕ್ಕಿಬಿದ್ದವರ ಕಂದಕಗಳ ಮುಂದೆ ಕೆಲವೇ ಗಜ ದೂರಕ್ಕೆ ಲೆಕ್ಕ ಹಾಕಿ ಗುಂಡು ಬೀಳಿಸುತ್ತಿದ್ದರು. ಆ ಫಿರಂಗಿಗಳು ಇಲ್ಲದಿದ್ದರೆ ಕೊಹಿಮಾ ಉಳಿಯುತ್ತಿರಲಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಜೋತ್ಸೊಮಾ ನೋಡದೆ ಸ್ಮಶಾನ ನೋಡಿದವರಿಗೆ ಕಥೆಯ ಅರ್ಧ ಮಾತ್ರ ಸಿಗುತ್ತದೆ.

ಸ್ಮಶಾನಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ಅದು ಇರುವ ಗ್ಯಾರಿಸನ್ ಹಿಲ್ ಬೆಟ್ಟ ಊರಿನ ನಡುವೆಯೇ, ಸುತ್ತ ಟ್ರಾಫಿಕ್ಕು. ಪ್ರವೇಶಕ್ಕೆ ದುಡ್ಡಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಬೆಟ್ಟ, ಪ್ರತಿ ಹಂತದಲ್ಲೂ ಸಾಲು ಸಾಲು ಕಂಚಿನ ಫಲಕಗಳು. 1,420 ಸಮಾಧಿಗಳಿವೆ. ಮಂಡಿ ನೋವು ಇರುವ ಹಿರಿಯರು ಜೊತೆಗಿದ್ದರೆ ನಿಧಾನವಾಗಿ ಹತ್ತಿಸಿ, ಮಧ್ಯೆ ಕೂರಲು ಜಾಗ ಸಿಗುತ್ತದೆ.

ಆಗ ಈ ಬೆಟ್ಟದ ಮೇಲೆ ಡೆಪ್ಯುಟಿ ಕಮಿಷನರ್ ಚಾರ್ಲ್ಸ್ ಪಾಸಿಯ ಬಂಗಲೆ ಮತ್ತು ಟೆನಿಸ್ ಅಂಗಳ ಇತ್ತು. 1944ರ ಏಪ್ರಿಲ್ 4ರಂದು ಜಪಾನಿನ ಜನರಲ್ ಸಾಟೊನ 31ನೇ ಡಿವಿಜನ್, ಸುಮಾರು 15,000 ಜನ, ಕೊಹಿಮಾ ಮುಟ್ಟಿತು. ಒಳಗೆ ಕರ್ನಲ್ ರಿಚರ್ಡ್ಸ್ ಕೈಯಲ್ಲಿ ಇದ್ದವರು ಸುಮಾರು 2,500. ಅವರಲ್ಲೂ ಸುಮಾರು ಸಾವಿರ ಮಂದಿ ಬಂದೂಕು ಹಿಡಿಯುವವರಲ್ಲ. ರಾಯಲ್ ವೆಸ್ಟ್ ಕೆಂಟ್, ಅಸ್ಸಾಂ ರೆಜಿಮೆಂಟ್, ಅಸ್ಸಾಂ ರೈಫಲ್ಸ್ ಸೇರಿದ ಪಡೆ ಅದು. ಎರಡು ವಾರ ಹಿಡಿದು ನಿಂತರು. ನೀರಿನ ಮೂಲ ಶತ್ರುವಿನ ಕೈ ಸೇರಿತು. ಒಬ್ಬೊಬ್ಬರಿಗೆ ದಿನಕ್ಕೆ ಅರ್ಧ ಲೀಟರ್ ನೀರು ಸಿಕ್ಕರೆ ಹೆಚ್ಚು. ವಿಮಾನದಿಂದ ಇಳಿಸಿದ ಪ್ಯಾರಾಚೂಟ್‌ಗಳಲ್ಲಿ ಕೆಲವು ಜಪಾನಿಗಳ ಕಡೆಗೇ ಬಿದ್ದವು. ಏಪ್ರಿಲ್ 18ಕ್ಕೆ ಪಂಜಾಬಿ ಸೈನಿಕರು ದಾರಿ ಮಾಡಿಕೊಂಡು ಒಳಗೆ ಬಂದರು.

ಟೆನಿಸ್ ಅಂಗಳದ ಗೆರೆಗಳನ್ನು ಇಂದಿಗೂ ನೆಲದಲ್ಲಿ ಉಳಿಸಿದ್ದಾರೆ. ಎರಡೂ ಕಡೆಯವರ ನಡುವೆ ಇದ್ದದ್ದು ಆ ಅಂಗಳದ ಅಗಲವಷ್ಟೇ. ಅದರ ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿ ನೋಡಿ. ಒಬ್ಬ ಮನುಷ್ಯ ಕೈಯಿಂದ ಎಸೆಯಬಹುದಾದಷ್ಟೇ ದೂರ. ಮೇ 13ರಂದು ಇಂಜಿನಿಯರ್‌ಗಳು ದಾರಿ ಕಡಿದು ‘ಲೀ’ ಎಂಬ ಮಾದರಿಯ ಒಂದು ಯುದ್ಧ ಟ್ಯಾಂಕನ್ನು ಈ ಅಂಗಳಕ್ಕೆ ಇಳಿಸಿದ ಮೇಲೆಯೇ ಅಲ್ಲಿನ ಜಪಾನಿ ಬಂಕರ್‌ಗಳು ಮುರಿದದ್ದು. ಅಲ್ಲೇ ಪಕ್ಕದಲ್ಲಿ ಒಂದು ಚೆರಿ ಮರ ಇದೆ. ಜಪಾನಿ ಗುರಿಕಾರರು ಅಡಗಿ ಕೂರುತ್ತಿದ್ದ ಮೂಲ ಮರ ಕದನದಲ್ಲಿ ನಾಶವಾಯಿತು. ಅದರ ಬುಡದಿಂದ ಚಿಗುರಿದ್ದು ಇದು.

ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಪಡೆದ ಜಾನ್ ಹಾರ್ಮನ್ ಮತ್ತು ಜಾನ್ ರ‍್ಯಾಂಡಲ್ ಅವರ ಸಮಾಧಿಗಳನ್ನು ಎಲ್ಲರೂ ಹುಡುಕಿ ನೋಡುತ್ತಾರೆ. ನೋಡಲೇಬೇಕು. ಆದರೆ ಅಷ್ಟಕ್ಕೇ ಇಳಿದು ಬರಬೇಡಿ. ಬೆಟ್ಟದ ತುತ್ತತುದಿಗೆ ಹತ್ತಿ. ದಹನವಾದ 917 ಹಿಂದೂ ಮತ್ತು ಸಿಖ್ ಸೈನಿಕರ ಹೆಸರುಗಳು ಅಲ್ಲಿನ ಸ್ಮಾರಕದಲ್ಲಿವೆ. ಅವರಿಗೆ ಸಮಾಧಿ ಇಲ್ಲ, ಹೆಸರು ಮಾತ್ರ ಇದೆ. ನಾನು ಹೋದಾಗಲೂ ಕೆಳಗೆ ಜನ ತುಂಬಿದ್ದರು, ಮೇಲೆ ಯಾರೂ ಇರಲಿಲ್ಲ. ನಮ್ಮ ಹಳ್ಳಿಗಳಿಂದ ಹೋದ ಹುಡುಗರ ಹೆಸರು ಓದದೆ ನಾವು ವಾಪಸ್ ಬರುವುದು ಸರಿ ಅಲ್ಲ, ಅಲ್ವಾ? ಒಂದೊಂದು ಹೆಸರನ್ನೂ ಮೆಲ್ಲಗೆ ಓದಿ. ಮಕ್ಕಳಿಂದಲೂ ಓದಿಸಿ.

ಊರಿನಲ್ಲಿ ಇನ್ನೊಂದು ಕಡೆ, ಬೆಟ್ಟದಿಂದ ಜಾರಿ ನಿಂತ ಟ್ಯಾಂಕ್ ಒಂದನ್ನು ಹಾಗೆಯೇ ಸ್ಮಾರಕವಾಗಿ ಉಳಿಸಿದ್ದಾರೆ. ಟ್ಯಾಕ್ಸಿಯವರಿಗೆ ಹೇಳಿದರೆ ತೋರಿಸುತ್ತಾರೆ. ಅರಾದುರಾ ಬೆಟ್ಟದ ಕ್ಯಾಥೆಡ್ರಲ್ ಕೂಡ ಬಿಡಬೇಡಿ. ಇಲ್ಲಿ ಸತ್ತ ಜಪಾನಿ ಸೈನಿಕರ ಕುಟುಂಬದವರು ಅದನ್ನು ಕಟ್ಟಲು ಹಣ ಕೊಟ್ಟಿದ್ದಾರೆ.

ಮಾರನೇ ದಿನ ಕಿಸಾಮಾ. ಕೊಹಿಮಾದಿಂದ ಸುಮಾರು 12 ಕಿ.ಮೀ. ಹಾರ್ನ್‌ಬಿಲ್ ಹಬ್ಬ ನಡೆಯುವ ಜಾಗ ಅದೇ. ಅಲ್ಲಿ ಎರಡನೇ ಮಹಾಯುದ್ಧದ ವಸ್ತುಸಂಗ್ರಹಾಲಯ ಇದೆ. ಬೆಟ್ಟಗಳ ಮಾದರಿ ನೋಡಿದಾಗ, ಹಿಂದಿನ ದಿನ ನಡೆದ ಜಾಗಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಅದಕ್ಕೇ ಮ್ಯೂಸಿಯಂ ಆಮೇಲೆ ನೋಡಿ ಅನ್ನುವುದು. ಪಕ್ಕದಲ್ಲೇ ಕಿಗ್ವೆಮಾ. ಜಪಾನಿಗಳು ಬಂದು ಬೀಡುಬಿಟ್ಟ ಹಳ್ಳಿ. ಅಲ್ಲಿನ ಮನೆಗಳ ಅಂಗಳಕ್ಕೆ ಹೋಗುವ ಮೊದಲು ಕೇಳಿ. ಹಿರಿಯರಿದ್ದರೆ ಕುಳಿತು ಮಾತಾಡಿ. ಈ ಯುದ್ಧ ನಾಗಾ ಜನ ಕರೆದದ್ದಲ್ಲ, ಆದರೆ ಸುಟ್ಟುಹೋದದ್ದು ಅವರ ಮನೆಗಳು. ಗಾಯಾಳುಗಳನ್ನು ಹೊತ್ತು ಇಳಿಸಿದವರು, ಶತ್ರುವಿನ ಸುದ್ದಿ ತಂದವರು, ಕಾಡಿನಲ್ಲಿ ದಾರಿ ತೋರಿಸಿದವರು ಅವರೇ. ಅದನ್ನು ಮರೆಯದ ಬ್ರಿಟಿಷ್ ಹಳೆಯ ಸೈನಿಕರು ಮುಂದೆ ಸೇರಿ ನಾಗಾ ಮಕ್ಕಳ ಓದಿಗಾಗಿ ಒಂದು ಟ್ರಸ್ಟ್ ಕಟ್ಟಿದರು.

ಹಾಗಾದರೆ ಜಪಾನಿಗಳು ಸೋತದ್ದೇಕೆ? ಅವರು ಹೊತ್ತು ತಂದದ್ದು ಮೂರು ವಾರದ ಆಹಾರ. ಉಳಿದದ್ದನ್ನು ಶತ್ರುವಿನ ಉಗ್ರಾಣದಿಂದ ಪಡೆಯುವ ಲೆಕ್ಕ. ಇತ್ತ ಬ್ರಿಟಿಷ್ ಜನರಲ್ ಸ್ಲಿಮ್‌ನ 14ನೇ ಸೈನ್ಯಕ್ಕೆ ರಸ್ತೆ ಮುಚ್ಚಿದರೂ ಆಕಾಶ ಇತ್ತು. ಬರ್ಮಾದ ಅರಾಕಾನ್‌ನಿಂದ 5ನೇ ಭಾರತೀಯ ಡಿವಿಜನನ್ನು ವಿಮಾನದಲ್ಲೇ ತಂದರು. ಸುತ್ತುವರಿದ ಇಂಫಾಲಕ್ಕೆ ತಿಂಗಳುಗಟ್ಟಲೆ ಊಟ, ಗುಂಡು ವಿಮಾನದಲ್ಲೇ ಬಂತು. ಮೇ ಕೊನೆಗೆ ಸಾಟೊ, ಮೇಲಿನವರ ಆಜ್ಞೆ ಮೀರಿ, ಹಸಿದ ತನ್ನ ಸೈನಿಕರನ್ನು ಹಿಂದಕ್ಕೆ ಕರೆದುಕೊಂಡ. ಅವನನ್ನು ಹುದ್ದೆಯಿಂದ ತೆಗೆದರು. ನನ್ನ ಮಟ್ಟಿಗೆ ಅವನು ಮಾಡಿದ್ದು ಸರಿ. ಜೂನ್ 22ರಂದು ಕೊಹಿಮಾ ಕಡೆಯಿಂದ ಇಳಿದವರೂ ಇಂಫಾಲದಿಂದ ಹತ್ತಿದವರೂ 109ನೇ ಮೈಲಿಗಲ್ಲಿನ ಹತ್ತಿರ ಕೂಡಿದರು, ರಸ್ತೆ ತೆರೆಯಿತು. ಒಳಗೆ ಬಂದ ಸುಮಾರು 85,000 ಜಪಾನಿಗಳಲ್ಲಿ ಸುಮಾರು 30,000 ಮಂದಿ ಸತ್ತರು, ಬಹಳಷ್ಟು ಜನ ಹಸಿವು ಮತ್ತು ರೋಗದಿಂದ. ಮರುವರ್ಷ ಮಾರ್ಚ್‌ನಲ್ಲಿ ಬರ್ಮಾದ ಮಾಂಡಲೆ, ಮೇನಲ್ಲಿ ರಂಗೂನ್ ಮಿತ್ರಪಡೆಯ ಕೈ ಸೇರಿದವು.

ಊಟ, ವಸತಿಯ ಮಾತು ಚುಟುಕಾಗಿ ಹೇಳಿಬಿಡುತ್ತೇನೆ. ಸಸ್ಯಾಹಾರಿಗಳಿಗೆ ಅನ್ನ, ಬೇಳೆ, ಸೊಪ್ಪು ಸಿಗುತ್ತದೆ, ಆದರೆ ಮಾಂಸ ಹಾಕದೆ ಮಾಡಿ ಅಂತ ಮೊದಲೇ ಹೇಳಬೇಕು. ಹೋಮ್‌ಸ್ಟೇಯಲ್ಲಿ ತರಕಾರಿಯ ಗಾಲ್ಹೊ ಕೇಳಿ, ಅಕ್ಕಿ ಸೊಪ್ಪಿನ ಬಿಸಿ ಗಂಜಿ, ಚಳಿಗೆ ತುಂಬಾ ಹಿತ. ಅಲ್ಲಿನ ಮೆಣಸಿನಕಾಯಿ ವಿಪರೀತ ಖಾರ, ಎಚ್ಚರ. ಭಾನುವಾರ ಎಲ್ಲರೂ ಚರ್ಚಿಗೆ ಹೋಗುತ್ತಾರೆ, ಅಂಗಡಿ, ಟ್ಯಾಕ್ಸಿ ಸಿಗುವುದು ಕಷ್ಟ. ಆ ದಿನ ಸುಮ್ನೆ ವಿಶ್ರಾಂತಿ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ನಾಲ್ಕೂವರೆಗೆ ಕತ್ತಲಾಗುತ್ತದೆ, ಓಡಾಟ ಬೆಳಗ್ಗೆಯೇ ಮುಗಿಸಿ. ಹಬ್ಬದ ದಿನಗಳಲ್ಲಿ ರೂಮಿನ ಬಾಡಿಗೆ ಜಾಸ್ತಿ. ಯುದ್ಧದ ಜಾಗಗಳೇ ಮುಖ್ಯವಾದರೆ ಫೆಬ್ರುವರಿ, ಮಾರ್ಚ್ ಒಳ್ಳೆಯದು.

ಇನ್ನು ಇಂಫಾಲ. ಕೊಹಿಮಾದಿಂದ ಮುಂದಕ್ಕೆ ಅದೇ ರಸ್ತೆ ಹಿಡಿದು ಹೋಗಬೇಕು ಅನ್ನಿಸುವುದು ಸಹಜ. ಆದರೆ 2023ರ ಮೇ ತಿಂಗಳಿನಿಂದ ಮಣಿಪುರದಲ್ಲಿ ನಡೆದಿರುವ ಜನಾಂಗೀಯ ಹಿಂಸೆಯನ್ನು ನೋಡಿದರೆ, ಆ ಹೆದ್ದಾರಿಯಲ್ಲಿ ಪ್ರವಾಸಕ್ಕೆ ಹೋಗಿ ಅಂತ ನಾನು ಯಾರಿಗೂ ಹೇಳಲಾರೆ. ನಾನು ಇಂಫಾಲ ನೋಡಿದ್ದು ಅದಕ್ಕೂ ಮೊದಲು. ಪರಿಸ್ಥಿತಿ ವಿಚಾರಿಸಿ, ವಿಮಾನದಲ್ಲೇ ಹೋಗಿ. ಅಲ್ಲಿಗೂ ಪರ್ಮಿಟ್ ಬೇಕು. ಅಲ್ಲಿನ ಭಾರತೀಯ ಸೇನಾ ಸ್ಮಶಾನದಲ್ಲಿ 828 ಸಮಾಧಿಗಳಿವೆ, ವಿಕ್ಟೋರಿಯಾ ಕ್ರಾಸ್ ಪಡೆದ ಜಮೇದಾರ್ ಅಬ್ದುಲ್ ಹಫೀಜ್ ಅವರದೂ ಸೇರಿ. ಊರ ದಕ್ಷಿಣಕ್ಕೆ ಮೈಬಾಮ್ ಲೋಟ್ಪಾ ಚಿಂಗ್‌ನ ಬುಡದಲ್ಲಿ 2019ರಲ್ಲಿ ತೆರೆದ ಶಾಂತಿ ಸಂಗ್ರಹಾಲಯ ಇದೆ. ಇನ್ನೂ ಮುಂದೆ ಮೊಯ್ರಾಂಗ್. 1944ರ ಏಪ್ರಿಲ್ 14ರಂದು ಜಪಾನಿಗಳ ಪರ ನಿಂತಿದ್ದ ನೇತಾಜಿಯ ಆಜಾದ್ ಹಿಂದ್ ಫೌಜಿನ ಕರ್ನಲ್ ಶೌಕತ್ ಮಲಿಕ್ ತ್ರಿವರ್ಣ ಧ್ವಜ ಹಾರಿಸಿದ ಜಾಗ. ಆ ಯುದ್ಧದಲ್ಲಿ ಎರಡೂ ಕಡೆ ನಮ್ಮವರಿದ್ದರು. ಸೇನಾ ಸ್ಮಶಾನ ಮತ್ತು ಮೊಯ್ರಾಂಗ್, ಎರಡಕ್ಕೂ ಸಮಯ ಇಟ್ಟುಕೊಳ್ಳಿ. ಒಂದನ್ನು ಮಾತ್ರ ನೋಡುವಷ್ಟು ಬಿಡುವಿದ್ದರೆ, ಇಂಫಾಲವನ್ನು ಇನ್ನೊಂದು ಪ್ರವಾಸಕ್ಕೆ ಬಿಡಿ.