ಶಿವಗಂಗೆಯ ಇಳಿಜಾರು

ಬೆಟ್ಟ ಹತ್ತುವ ವಯಸ್ಸಾದವರ ಬಗ್ಗೆ ಪತ್ರಿಕೆಗಳು ಬರೆಯುವುದೆಲ್ಲ ಹತ್ತಿದ್ದನ್ನೇ. ಇಳಿದದ್ದನ್ನು ಯಾರೂ ಕೇಳುವುದಿಲ್ಲ. ಜಪಾನಿನ ಯುಯಿಚಿರೊ ಮಿಯುರಾ 2013ರಲ್ಲಿ, ತಮ್ಮ 80ನೆಯ ವಯಸ್ಸಿನಲ್ಲಿ ಎವರೆಸ್ಟ್ ತುದಿ ಮುಟ್ಟಿದರು. ಅದಕ್ಕೂ ಮೊದಲು ಹೃದಯಕ್ಕೆ ಶಸ್ತ್ರಚಿಕಿತ್ಸೆಗಳಾಗಿದ್ದವು. ಮರಳುವಾಗ ಎರಡನೆಯ ಶಿಬಿರದವರೆಗೆ ಇಳಿದು, ಅಲ್ಲಿಂದ ಹೆಲಿಕಾಪ್ಟರ್ ಹತ್ತಿದರು. ನಮ್ಮ ಲಾಲ್‌ಬಾಗ್ ಬಳಗದ ಮೇಷ್ಟ್ರು, “ಅದೇನು ಹತ್ತಿದ ಲೆಕ್ಕವೇ ಸ್ವಾಮಿ?” ಎಂದು ಕೊಂಕು ತೆಗೆದರು. ನನಗೆ ಆ ಮನುಷ್ಯನ ಮೇಲೆ ಗೌರವ ಹೆಚ್ಚಿದ್ದೇ ಹೆಲಿಕಾಪ್ಟರ್ ವಿಷಯ ಓದಿದ ಮೇಲೆ.

ನಾನು ಬಿಟಿಎಸ್ ಕಾಲದಲ್ಲಿ ಕಂಡಕ್ಟರ್ ಆಗಿ ಸೇರಿ ಬಿಎಂಟಿಸಿಯಲ್ಲಿ ನಿವೃತ್ತನಾದವನು. ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ನಿಂತು ಚಿಲ್ಲರೆ ಎಣಿಸುತ್ತಿದ್ದ ಕಾಲುಗಳು, ಮನೆಯಲ್ಲಿ ಕುಳಿತ ಕೆಲವೇ ದಿನಗಳಲ್ಲಿ ಸೋತುಹೋದವು. ಬಚ್ಚಲಿನಲ್ಲಿ ಪಂಚೆ ಉಡುವಾಗ ಗೋಡೆ ಬೇಕಾಯಿತು. ಆಗ ಶುರುವಾದದ್ದು ಲಾಲ್‌ಬಾಗ್ ಬಂಡೆ. ಭೂವಿಜ್ಞಾನಿಗಳು ಅದಕ್ಕೆ ಸುಮಾರು 300 ಕೋಟಿ ವರ್ಷ ಎನ್ನುತ್ತಾರೆ. ಅದರ ಮುಂದೆ ನಾನು ವಯಸ್ಸಿನ ಮಾತೆತ್ತುವಂತಿಲ್ಲ. ಕೆಂಪೇಗೌಡ ಗೋಪುರದವರೆಗೆ ಏರುವುದು, ಇಳಿಯುವುದು. ಆಮೇಲೆ ನಂದಿ, ಆಮೇಲೆ ಶಿವಗಂಗೆ.

ಶಿವಗಂಗೆ 1,368 ಮೀಟರ್. ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆಗೆ ಹೋಗಿ ಅಲ್ಲಿಂದ ತಿರುಗಬೇಕು. ಒಳಕಲ್ಲು ತೀರ್ಥದವರೆಗೆ ಯಾರಾದರೂ ನಿಧಾನವಾಗಿ ಹೋಗಬಹುದು. ಅದರಾಚೆ ಬಂಡೆಯಲ್ಲೇ ಕಡಿದ ಮೆಟ್ಟಿಲು, ಪಕ್ಕದಲ್ಲಿ ಕಬ್ಬಿಣದ ಕಂಬಿ. ಮೆಟ್ಟಿಲುಗಳು ಒಂದರಂತೆ ಒಂದಿಲ್ಲ. ಕೆಲವು ಅಂಗಾಲಿನ ಅರ್ಧಕ್ಕಷ್ಟೇ ಸಾಕು. ಹತ್ತುವಾಗ ಕಣ್ಣು ಮೇಲಿರುತ್ತದೆ, ಉಸಿರೊಂದೇ ಚಿಂತೆ. ಅದಕ್ಕೆ ಮದ್ದು ಸುಲಭ: ಮಾತನಾಡುತ್ತ ಹತ್ತಬೇಕು, ಮಾತು ತುಂಡಾದರೆ ನಿಲ್ಲಬೇಕು. ಕೈಗಡಿಯಾರದಲ್ಲಿ ನಾಡಿ ನೋಡಿಕೊಳ್ಳುವವರಿದ್ದಾರೆ, ನಾಡಿ ಗರಿಷ್ಠ ಎಷ್ಟಕ್ಕೆ ಏರಬಹುದು ಎಂದು ತಿಳಿಯಲು 220ರಲ್ಲಿ ವಯಸ್ಸು ಕಳೆಯುವ ಲೆಕ್ಕವಿದೆ. ಆದರೆ ರಕ್ತದೊತ್ತಡದ ಕೆಲವು ಮಾತ್ರೆಗಳು ನಾಡಿಯನ್ನೇ ನಿಧಾನಗೊಳಿಸುತ್ತವೆ. ಅಂಥ ಮಾತ್ರೆ ನುಂಗುವ ನಮ್ಮಂಥವರಿಗೆ ಆ ಲೆಕ್ಕ ಹೊಂದುವುದಿಲ್ಲ.

ಇಳಿಯುವುದು ಬೇರೆಯೇ ವಿದ್ಯೆ. ತೊಡೆಯ ಮುಂಭಾಗದ ಸ್ನಾಯು ಹತ್ತುವಾಗ ಕುಗ್ಗಿ ದುಡಿಯುತ್ತದೆ. ಇಳಿಯುವಾಗ ಹಿಗ್ಗುತ್ತಲೇ ಮೈಭಾರ ಹೊರುತ್ತದೆ, ಇಳಿಜಾರಿನಲ್ಲಿ ಬಸ್ಸಿಗೆ ಬ್ರೇಕ್ ಹಿಡಿದಂತೆ. ಮರುದಿನ, ಅದರ ಮರುದಿನ ನೋಯುವುದು ಈ ಕೆಲಸದಿಂದಲೇ. ನಾನು ಕಂಬಿಯ ಕಡೆಗೆ ಓರೆಯಾಗಿ ತಿರುಗಿ, ಮಂಡಿ ತುಸು ಬಗ್ಗಿಸಿ, ಪೂರ್ತಿ ಪಾದ ಊರಿ ಇಳಿಯುತ್ತೇನೆ. ಹೊರಡುವ ಮೊದಲು ಶೂ ದಾರವನ್ನು ಕಣಕಾಲಿನ ಹತ್ತಿರ ಬಿಗಿಯುತ್ತೇನೆ. ಇಲ್ಲದಿದ್ದರೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಬಿಸಿಲೇರಿದ ಮೇಲೆ ಕಂಬಿ ಮುಟ್ಟಲಾಗದು, ಹಾಗಾಗಿ ಬೆಳಗ್ಗೆ ಬೇಗ ಹತ್ತಿ ಬೇಗ ಇಳಿಯುವುದು. ಕೈಯಲ್ಲಿ ತಿಂಡಿ ಪೊಟ್ಟಣ ಇಟ್ಟುಕೊಂಡರೆ ಕೋತಿಗಳೇ ಬುದ್ಧಿ ಕಲಿಸುತ್ತವೆ.

ಕಳೆದ ಸಲ ಕಾಲೇಜು ಹುಡುಗನೊಬ್ಬ, “ತಾತ, ಕೈ ಕೊಡಲೇ?” ಎಂದ. ಒಳ್ಳೆಯ ಹುಡುಗ. ಆದರೆ ಎಳೆಯ ಕೈ ಎಳೆದರೆ ಮುದಿ ಮೈ ತೂಕ ತಪ್ಪುತ್ತದೆ. “ಕೈ ಬೇಡಪ್ಪ, ನನಗಿಂತ ಎರಡು ಮೆಟ್ಟಿಲು ಕೆಳಗೆ ನಡೆ, ಸಾಕು” ಎಂದೆ. ಪಾಪ, ಬುಡದವರೆಗೂ ಹಾಗೆಯೇ ನಡೆದ, ನಡುನಡುವೆ ತಿರುಗಿ ನೋಡುತ್ತ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 65 ದಾಟಿದವರಿಗೆ ಹೇಳಿದ್ದರಲ್ಲಿ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮದ ಮಾತನ್ನಷ್ಟೇ ನಮ್ಮವರು ಕೇಳಿಸಿಕೊಂಡಿದ್ದಾರೆ. ವಾರಕ್ಕೆ ಕನಿಷ್ಠ ಮೂರು ದಿನ ಸಮತೋಲನದ ಅಭ್ಯಾಸವೂ ಇರಬೇಕು ಎಂದು ಅದೇ ಸಂಸ್ಥೆ ಹೇಳಿದೆ. ಉದ್ಯಾನದಲ್ಲಿ ಹತ್ತು ಸುತ್ತು ಹಾಕಿ ಎದೆಯುಬ್ಬಿಸುವವರು ಒಂಟಿ ಕಾಲಿನಲ್ಲಿ ನಿಲ್ಲಿ ಎಂದರೆ ಮರ ಹುಡುಕುತ್ತಾರೆ. ನಾನು ಹಲ್ಲುಜ್ಜುವಾಗ ಒಂಟಿ ಕಾಲಿನಲ್ಲಿ ನಿಲ್ಲುತ್ತೇನೆ. ಕುರ್ಚಿಯಿಂದ ಕೈ ಊರದೆ ಏಳುತ್ತೇನೆ, ಅದಕ್ಕಿಂತ ನಿಧಾನವಾಗಿ ಕೂರುತ್ತೇನೆ. ಮನೆಯಾಕೆಗೆ ಇದು ಇಂದಿಗೂ ತಮಾಷೆ.

ಮೇಷ್ಟ್ರು ಈಗ ಸಾವನದುರ್ಗಕ್ಕೆ ಕರೆಯುತ್ತಿದ್ದಾರೆ. ಅಲ್ಲಿ ಮೆಟ್ಟಿಲೂ ಇಲ್ಲ, ಕಂಬಿಯೂ ಇಲ್ಲ, ಬರಿಯ ಬಂಡೆ. ಮಳೆ ಮುಗಿದು ಬಂಡೆ ಒಣಗಲಿ, ಅಲ್ಲಿಯವರೆಗೆ ನೀವು ಮನೆಯ ಮಹಡಿ ಮೆಟ್ಟಿಲನ್ನು ಕೈ ಹಿಡಿಯದೆ ಇಳಿದು ತೋರಿಸಿ ಎಂದಿದ್ದೇನೆ.