ಕಾಸ್ ಪಠಾರಕ್ಕೆ ಲಿಲ್ಲಿ ನೋಡೋಕೆ ಹೋಗೋರು ಸೆಪ್ಟೆಂಬರ್‌ವರೆಗೆ ಕಾಯಬೇಡಿ

ಮಹಾರಾಷ್ಟ್ರದ ಸಾತಾರಾ ಹತ್ತಿರ ಇರೋ ಬಂಡೆಗಲ್ಲಿನ ಪ್ರಸ್ಥಭೂಮಿ ಕಾಸ್ ಅಂದ್ರೆ ಎಲ್ರೂ ಸೆಪ್ಟೆಂಬರ್‌ಗೇ ಪ್ಲಾನ್ ಮಾಡ್ತಾರೆ, ಬಂಡೆ ಮೇಲೆಲ್ಲಾ ಹಳದಿ, ಗುಲಾಬಿ ಹರಡ್ಕೊಂಡಿರೋ ಫೋಟೋ ನೋಡಿ. ಅದು ನಿಜವಾಗ್ಲೂ ಚೆಂದ. ಆದ್ರೆ ನಿಮಗೆ ಬೇಕಾಗಿರೋದು ಲಿಲ್ಲಿ ಜಾತಿಯ ಅಪರೂಪದ ಕಾಡುಹೂಗಳು ಅಂದ್ರೆ ಜುಲೈನಲ್ಲೇ ಹೋಗಿ, ಮಳೆ ಮಂಜು ಇದ್ರೂ ಪರವಾಗಿಲ್ಲ, ಯಾಕಂದ್ರೆ ಸೆಪ್ಟೆಂಬರ್ ಹೊತ್ತಿಗೆ ಇವು ಬಹುತೇಕ ಕಾಯಿ ಕಟ್ಟಿ ಹುಲ್ಲಲ್ಲಿ ಮುಚ್ಚಿಹೋಗಿರ್ತವೆ.

ಬೆಳಗಾವಿ, ಕೊಲ್ಹಾಪುರ, ಕರಾಡ್ ದಾಟಿ ಪುಣೆ ಹೈವೇಲೇ ಹೋದ್ರೆ ಸಾತಾರಾ, ಅಲ್ಲಿಂದ ಮೇಲಕ್ಕೆ ಸುಮಾರು 25 ಕಿ.ಮೀ. ಸಾತಾರಾದಲ್ಲೇ ಉಳ್ಕೊಂಡು ಬೆಳಿಗ್ಗೆ ಬೇಗ ಹೊರಡಿ. 2012ರಲ್ಲಿ ಪಶ್ಚಿಮ ಘಟ್ಟದ ಜಾಗಗಳ ಜೊತೆ ಯುನೆಸ್ಕೋ ಪಟ್ಟಿ ಸೇರಿರೋ ಜಾಗ ಇದು, ಹೂವಿನ ಸೀಸನ್‌ನಲ್ಲಿ ಆನ್‌ಲೈನ್ ಬುಕಿಂಗ್ ಮಾಡ್ಕೊಂಡೇ ಹೋಗ್ಬೇಕು, ವೀಕೆಂಡ್ ಅಂತೂ ಬೇಡವೇ ಬೇಡ.

ಈಗ ಗುರುತಿಸೋ ವಿಷಯ. ಹಳೇ ಪುಸ್ತಕಗಳಲ್ಲಿ ಇವೆಲ್ಲಾ ಒಂದೇ ಲಿಲ್ಲಿ ಕುಟುಂಬ, ಈಗ ಬೇರೆಬೇರೆ ಕುಟುಂಬಕ್ಕೆ ಹಂಚಿದ್ದಾರೆ, ಆದ್ರೂ ಆರು ಎಸಳು ಆರು ಕೇಸರ ಎಲ್ಲದ್ರಲ್ಲೂ ಇರೋದ್ರಿಂದ ಬಣ್ಣ ನೋಡಿ ಹೆಸರು ಹೇಳೋಕೆ ಹೋಗ್ಬೇಡಿ. ಮೊದ್ಲು ಹೂವನ್ನ ಪಕ್ಕದಿಂದ ನೋಡಿ. ಹಸಿರು ಅಂಡಾಶಯ (ಮುಂದೆ ಕಾಯಿ ಆಗೋ ಭಾಗ) ಎಸಳುಗಳ ಒಳಗೆ ಕೂತಿದ್ರೆ ನಾವು ಹುಡುಕ್ತಿರೋ ಗುಂಪು, ಎಸಳಿನ ಕೆಳಗಡೆ ಗಂಟಿನ ಥರ ಇದ್ರೆ ಅದು ಕ್ರೈನಮ್ ಅನ್ನೋ ಬೇರೆ ಗಿಡದ ಕಡೆಯದು, ಎಷ್ಟೇ ಲಿಲ್ಲಿ ಥರ ಕಂಡ್ರೂ.

ಆಮೇಲೆ ಎಸಳಿನ ಬುಡ. ಕ್ಲೋರೋಫೈಟಮ್‌ನಲ್ಲಿ (ಸಫೇದ್ ಮುಸ್ಲಿ ಗುಂಪಿನ ಗಿಡ) ಬಿಳಿ ಎಸಳುಗಳು ಒಂದಕ್ಕೊಂದು ಅಂಟದೆ ನಕ್ಷತ್ರದ ಹಾಗೆ ಪೂರ್ತಿ ಬಿಚ್ಕೊಂಡಿರ್ತವೆ, ಹೂವಿನ ತೊಟ್ಟಲ್ಲಿ ಒಂದು ಸಣ್ಣ ಕೀಲು ಇರುತ್ತೆ, ಲೆನ್ಸ್ ಇದ್ರೆ ಚೆನ್ನಾಗಿ ಕಾಣುತ್ತೆ. ದೀಪಕಾಡಿ ಅನ್ನೋ ಗಿಡದಲ್ಲಿ ಎಸಳಿನ ಬುಡ ಕೂಡ್ಕೊಂಡು ಕೊಳವೆ ಆಗಿರುತ್ತೆ, ಹಸಿರು ಮಿಶ್ರಿತ ಬಿಳಿ ಗಂಟೆಗಳು ಕಡ್ಡಿಯ ಒಂದೇ ಬದಿಗೆ ಬಾಗಿರ್ತವೆ, ಹೊರಗಿನ ಮೂರು ಎಸಳಿನ ತುದಿ ಹಿಂದಕ್ಕೆ ಮಡಚಿರುತ್ತೆ. ಇಷ್ಟು ನೋಡ್ಕೊಂಡ್ರೆ ಇವೆರಡರ ಮಧ್ಯೆ ಗೊಂದಲ ಆಗೋದೇ ಇಲ್ಲ.

ಈ ಗುಂಪಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಇಫಿಜೀನಿಯಾ ಅನ್ನೋ ಗಿಡ. ಹುಲ್ಲಿನಂಥದ್ದೇ ಎಲೆ, ಸಣ್ಣ ಹೂ, ನಿಂತ್ಕೊಂಡು ನೋಡಿದ್ರೆ ಕಣ್ಣಿಗೇ ಬೀಳಲ್ಲ, ಕುಕ್ಕರುಗಾಲಲ್ಲಿ ಕೂತು ಹುಡುಕ್ಬೇಕು. ಇದರಲ್ಲೇ ಬೇರೆಬೇರೆ ಜಾತಿ ಇವೆ: ಇಂಡಿಕಾದ ಎಸಳು ದಾರದಷ್ಟು ಸಪೂರ, ಕೆಂಪು-ನೇರಳೆ. ಪಾಲಿಡಾ ಆದ್ರೆ ಬಿಳಿಚಿಕೊಂಡಿರೋ ಬಣ್ಣ. ಸ್ಟೆಲ್ಲಾಟಾ ನೇರಳೆ ನಕ್ಷತ್ರ, ಇದು ಪಶ್ಚಿಮ ಘಟ್ಟದ ಉತ್ತರ ಭಾಗ ಬಿಟ್ರೆ ಬೇರೆಲ್ಲೂ ಬೆಳೆಯಲ್ಲ, ಸಿಕ್ರೆ ಸ್ವಲ್ಪ ಹೊತ್ತು ಅಲ್ಲೇ ಕೂತ್ಬಿಡಿ.

ಕಾಡು ಈರುಳ್ಳಿ ಹುಡುಕ್ಬೇಡಿ, ಅದು ಎಲೆ ಬರೋಕೆ ಮುಂಚೆ ಬೇಸಿಗೆಯಲ್ಲೇ ಹೂ ಬಿಟ್ಟು ಮುಗಿಸಿರುತ್ತೆ. ಅಗ್ನಿಶಿಖೆಗೆ ಎಲೆ ತುದೀಲಿ ಬಳ್ಳಿಯ ಸುರುಳಿ ಇರುತ್ತೆ, ಅಷ್ಟೇ ಸಾಕು. ಅದರ ಗೆಡ್ಡೆ ಭಾರೀ ವಿಷ, ಮಕ್ಕಳಿದ್ರೆ ಹುಷಾರು.

ಫೋಟೋ ತೆಗೆಯುವಾಗ ಹೂ ಎದುರಿಂದ ಒಂದು, ಪಕ್ಕದಿಂದ ಒಂದು, ಎಲೆ ಬುಡದ್ದೊಂದು ತಗೊಳ್ಳಿ, ಬರೀ ಎದುರಿನ ಫೋಟೋ ಇಟ್ಕೊಂಡು ಮನೆಗೆ ಬಂದ್ರೆ ಯಾರ ಕೈಲೂ ಹೆಸರು ಹೇಳೋಕಾಗಲ್ಲ. ಗೆಡ್ಡೆ ನೋಡೋಣ ಅಂತ ದಯವಿಟ್ಟು ಯಾವುದನ್ನೂ ಕೀಳಬೇಡಿ, ಬಂಡೆ ಮೇಲಿನ ಮಣ್ಣು ತುಂಬಾ ತೆಳು, ಕಾಲಿಡೋದೂ ಬರಿ ಕಲ್ಲು ಕಾಣೋ ಕಡೆನೇ ಇಡಿ.