ಇನ್ನೂ ಅಲ್ಲೇ ಇದ್ದೀರಾ?

ಇದ್ದೇನೆ. ಅದೇ ಸಣ್ಣ ಕಾಲೇಜು, ಅದೇ ಸಿಮೆಂಟಿನ ಅಂಕಣ, ಅದೇ ಸೊಟ್ಟ ರಿಂಗು. ಇಪ್ಪತ್ತೆರಡು ವರ್ಷದಿಂದ ಹುಡುಗರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿದ್ದೇನೆ. ಅಷ್ಟೇ ವರ್ಷದಿಂದ ಈ ಪ್ರಶ್ನೆಗೆ ಹಲ್ಲು ಕಿರಿಯುತ್ತಿದ್ದೇನೆ. ಇನ್ನು ಕೇಳುವವರು ಇದನ್ನು ಓದಿಕೊಳ್ಳಲಿ.

ನನಗೆ ಸಿಟ್ಟು ಬರುವುದು ಆ 'ಇನ್ನೂ' ಎಂಬ ಪದಕ್ಕೆ. ಇಪ್ಪತ್ತೆರಡು ವರ್ಷ ಒಂದೇ ಅಂಗಡಿಯಲ್ಲಿ ಬೇಳೆ ತೂಗಿದವರನ್ನು ಯಾರೂ ಹೀಗೆ ಕೇಳುವುದಿಲ್ಲ. ಕಳೆದ ತಿಂಗಳು ಮದುವೆಯ ಊಟದ ಪಂಕ್ತಿಯಲ್ಲಿ ಹಳೆಯ ಸಹಪಾಠಿಯೊಬ್ಬ ಪಕ್ಕಕ್ಕೆ ಕುಳಿತ. ಎಲೆಗೆ ಕೋಸಂಬರಿ ಬೀಳುವ ಮೊದಲೇ, "ಇನ್ನೂ ಅಲ್ಲೇ ಇದ್ದೀಯಾ? ದೊಡ್ಡ ಕಾಲೇಜಿನವರು ಯಾರೂ ಕರೆಯಲಿಲ್ಲವೇ?" ಎಂದ. ಸಾರು ಬರುವ ಹೊತ್ತಿಗೆ, "ಎಷ್ಟು ಕಪ್ ಗೆದ್ದೆ?" ಎಂದೂ ಆಯಿತು. ಎರಡು ಎಂದೆ. ಅದರಲ್ಲಿ ಒಂದು ವಾಲಿಬಾಲಿನದು ಎಂಬುದನ್ನು ಹೇಳಲಿಲ್ಲ.

ಹೇಳಬೇಕಾದದ್ದು ಮನೆಗೆ ಬಂದ ಮೇಲೆ ಹೊಳೆಯಿತು. 1891ರಲ್ಲಿ ಈ ಆಟವನ್ನೇ ಹುಟ್ಟಿಸಿದ ಜೇಮ್ಸ್ ನೈಸ್ಮಿತ್ ಆಮೇಲೆ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಕೋಚ್ ಆದರು. ಗೆದ್ದದ್ದು 55, ಸೋತದ್ದು 60. ಅಲ್ಲಿನ ಪುರುಷರ ತಂಡದ ಕೋಚುಗಳಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವುದು ಅವರೊಬ್ಬರಿಗೇ! ಅದೇ ಕಾನ್ಸಾಸಿನಲ್ಲಿ ಅವರ ಬಳಿ ಕಲಿತ ಜಾನ್ ಮೆಕ್‌ಲೆಂಡನ್‌ಗೆ, ಕಪ್ಪು ವರ್ಣೀಯ ಎಂಬ ಕಾರಣಕ್ಕೆ, ತಂಡದಲ್ಲಿ ಆಡಲು ಬಿಡಲಿಲ್ಲ. ಅವರು ಕಪ್ಪು ಜನರ ಕಾಲೇಜುಗಳಲ್ಲಿ ಕೋಚ್ ಆಗಿ, ನ್ಯಾಶ್‌ವಿಲ್‌ನ ತಂಡವೊಂದಕ್ಕೆ 1957, 58, 59 ಹೀಗೆ ಸತತ ಮೂರು ವರ್ಷ ಸಣ್ಣ ಕಾಲೇಜುಗಳ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟರು. ನನ್ನನ್ನು ಅವರ ಪಕ್ಕ ನಿಲ್ಲಿಸಿಕೊಳ್ಳುತ್ತಿಲ್ಲ. ನಾನು ನೈಸ್ಮಿತ್‌ರ ಸಾಲಿನವನು, ಅದೂ ಸೋಲಿನ ಲೆಕ್ಕದಲ್ಲಿ ಮಾತ್ರ.

ಅಷ್ಟಕ್ಕೂ ನನಗೆ ಕೋಚ್ ಎಂಬ ಹುದ್ದೆಯೇ ಇಲ್ಲ. ಆದೇಶ ಪತ್ರದಲ್ಲಿ ಇರುವುದು ದೈಹಿಕ ಶಿಕ್ಷಣ ನಿರ್ದೇಶಕ. ಆಗಸ್ಟ್ ಹದಿನೈದರ ಪೆರೇಡು, ಗೇಟಿನಲ್ಲಿ ಗುರುತಿನ ಚೀಟಿ ತಪಾಸಣೆ, ಕ್ರೀಡಾಕೂಟದ ಸುಣ್ಣದ ಗೆರೆ, ಎಲ್ಲವೂ ನನ್ನ ತಲೆಗೇ. ಬ್ಯಾಸ್ಕೆಟ್‌ಬಾಲಿಗೆ ಉಳಿಯುವುದು ಬೆಳಗಿನ ಐದೂವರೆ.

ಎಡಗೈಯಲ್ಲಿ ಲೇಅಪ್, ಅಂದರೆ ರಿಂಗಿನ ಬಳಿಗೆ ಓಡಿ ಹಾರಿ ಚೆಂಡು ಹಾಕುವುದು, ಹೇಗೆ ಕಲಿಸುತ್ತೀರಿ ಎಂದು ಒಬ್ಬರಾದರೂ ಕೇಳಬಾರದೇ? ಮನೆಯಲ್ಲಿ ಹಾಲು ಕರೆದಿಟ್ಟು ಅಭ್ಯಾಸಕ್ಕೆ ಬರುತ್ತಿದ್ದ ಹುಡುಗನೊಬ್ಬ ಎಡಬದಿಯಿಂದ ನುಗ್ಗಿದರೂ ಚೆಂಡನ್ನು ಬಲಗೈಯಲ್ಲೇ ಎತ್ತುತ್ತಿದ್ದ; ಎದುರಾಳಿ ಕಾದಿದ್ದು ತಟ್ಟಿಹಾಕುತ್ತಿದ್ದ. ಮೊದಲು ಚೆಂಡನ್ನೇ ಕಿತ್ತುಕೊಂಡೆ. ಬರಿಗೈಯಲ್ಲಿ ಎಡ ಹೆಜ್ಜೆ, ಬಲ ಹೆಜ್ಜೆ, ಹಾರು. ಬಲಗಾಲಿನಿಂದ ಚಿಮ್ಮಿದಾಗ ಎಡ ಮಂಡಿಯೂ ಎಡಗೈಯೂ ಒಂದೇ ದಾರಕ್ಕೆ ಕಟ್ಟಿದಂತೆ ಒಟ್ಟಿಗೆ ಮೇಲೇಳಬೇಕು. ಎರಡು ವಾರದ ಮೇಲೆ ಚೆಂಡು ಕೊಟ್ಟು, ಬಲಗೈಯನ್ನು ಚಡ್ಡಿಯ ಜೇಬಿನಲ್ಲಿ ಇಟ್ಟುಕೋ ಎಂದೆ. ಉಳಿದ ಹುಡುಗರು ನಕ್ಕರು. ಅವರ ಬಲಗೈಗಳೂ ಜೇಬಿಗೆ ಹೋದವು.

ಆ ವರ್ಷ ದೊಡ್ಡ ಕಾಲೇಜೊಂದರ ಎದುರು, ಕೊನೆಯ ನಿಮಿಷದಲ್ಲಿ, ನಾವು 31 ಅಂಕ ಹಿಂದಿದ್ದೆವು. ಹುಡುಗ ಎಡದಿಂದ ನುಗ್ಗಿದ, ಎಡ, ಬಲ, ಎಡಗೈಯಲ್ಲೇ ಎತ್ತಿದ. ಚೆಂಡು ರಿಂಗಿನ ಮೇಲೆ ಒಂದು ಸುತ್ತು ಹಾಕಿ ಹೊರಗೆ ಬಿತ್ತು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದ ರಭಸಕ್ಕೆ, ಸ್ಕೋರು ಬರೆಯುತ್ತಿದ್ದವನು ನಮ್ಮ ಹೆಸರಿಗೆ ಎರಡು ಅಂಕ ಬರೆದು, ಆಮೇಲೆ ಹೊಡೆದುಹಾಕಿದ.